ಕೋಫಿಗೆ ಕೆಂಪು ಶುಕಾ ಹೊದಿಸಿದ್ದು ಯಾರು?

ಓದುಗರೊಬ್ಬರ ಪ್ರಶ್ನೆ: ನನ್ನ ಮಗಳಿಗೆ 10 ವರ್ಷ. ಖಂಡಗಳ ಪಾಠ ಶುರುವಾದಾಗ ಟ್ಯಾಬ್‌ನಲ್ಲಿ ಒಂದು ಕಲಿಕೆಯ ಆ್ಯಪ್ ಹಾಕಿಕೊಟ್ಟೆವು. ಅದರ ಆಫ್ರಿಕಾ ಭಾಗದಲ್ಲಿ ಕೋಫಿ ಅನ್ನುವ ಹುಡುಗ ಎಲ್ಲವನ್ನೂ ತೋರಿಸುತ್ತಾನೆ. ಕೆಂಪು ಚೌಕಳಿ ಬಟ್ಟೆ ಹೊದ್ದಿರುತ್ತಾನೆ, ಕೈಯಲ್ಲಿ ಈಟಿ. ಹುಲ್ಲಿನ ಗುಡಿಸಲು, ಪಕ್ಕದಲ್ಲೇ ಸಿಂಹ, ಜಿರಾಫೆ. ಎರಡು ತಿಂಗಳಲ್ಲಿ ಮಗಳು ಬಾವುಟ, ರಾಜಧಾನಿ, ಪ್ರಾಣಿ ಎಲ್ಲದರಲ್ಲೂ ನೂರಕ್ಕೆ ನೂರು ತೆಗೆದಳು. ನಮಗೂ ಖುಷಿಯಾಗಿತ್ತು. ಮೊನ್ನೆ ಊಟಕ್ಕೆ ಕೂತಾಗ ಕೇಳಿದಳು: ‘ಅಮ್ಮಾ, ಆಫ್ರಿಕಾದ ಮಕ್ಕಳು ಸ್ಕೂಲಿಗೆ ಹೋಗುವಾಗ ಸಿಂಹ ಬರಲ್ವಾ? ಅವರಿಗೆ ಆಫ್ರಿಕನ್ ಭಾಷೆಯಲ್ಲೇ ಪಾಠ ಮಾಡ್ತಾರಾ?’ ನನಗೆ ಉತ್ತರ ಗೊತ್ತಾಗಲಿಲ್ಲ. ಆ್ಯಪ್ ಅಳಿಸಿ ಪುಸ್ತಕ ಕೊಡಿ ಅನ್ನುತ್ತಾರೆ ನಮ್ಮ ಭಾವ. ಹಾಕಿಕೊಂಡರೆ ಆ ಜಾಗದಲ್ಲೇ ಇದ್ದಂತೆ ಕಾಣಿಸುವ ವಿಆರ್ ಕನ್ನಡಕ ತರೋಣ, ಇಲ್ಲ ಎಐ ಪಾತ್ರದ ಜೊತೆ ಮಾತಾಡುವ ಹೊಸ ಆ್ಯಪ್ ಹಾಕೋಣ ಅನ್ನುತ್ತಾರೆ ಯಜಮಾನರು. 1990ರ ದಶಕದ ಒಂದು ಹಳೇ ಸಿಡಿಯೂ ಮನೆಯಲ್ಲಿದೆ. ಯಾವುದು ಸರಿ?

ಉತ್ತರ: ಸುಮಾರು ಇಪ್ಪತ್ತು ವರ್ಷದಿಂದ ಮಕ್ಕಳ ಕಲಿಕೆಯ ಸಾಫ್ಟ್‌ವೇರ್‌ಗಳಿಗೆ ಭೂಗೋಳದ ವಿಷಯ ಬರೆಯುವುದು, ಬೇರೆಯವರು ಬರೆದದ್ದನ್ನು ತಿದ್ದುವುದು ನನ್ನ ಕೆಲಸ. ಹಾಗಾಗಿ ನಿಮ್ಮ ಮನೆಯ ಕೋಫಿಯನ್ನು ನೋಡದೆಯೂ ನನಗೆ ಅವನ ಪರಿಚಯ ಚೆನ್ನಾಗಿಯೇ ಇದೆ. ಅಂಕ ಪೂರ್ತಿ ಬಂದಿದೆ, ಅಲ್ಲಿನ ಬದುಕಿನ ಬಗ್ಗೆ ಮಾತ್ರ ಏನೂ ತಿಳಿದಿಲ್ಲ. ಇದರಲ್ಲಿ ಮಗುವಿನ ತಪ್ಪಿದೆಯಾ, ಯಂತ್ರದ್ದಾ ಅನ್ನುವುದು ನಿಮ್ಮ ಗಾಬರಿ. ಮಗಳದ್ದು ಖಂಡಿತ ಅಲ್ಲ. ಕೊಟ್ಟದ್ದನ್ನು ಅವಳು ಸರಿಯಾಗಿಯೇ ಕಲಿತಿದ್ದಾಳೆ. ಅವಳು ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದ್ದೇ ಒಳ್ಳೆಯದಾಯಿತು. ಎಷ್ಟೋ ಮಕ್ಕಳು ಕೇಳುವುದೇ ಇಲ್ಲ, ಹಾಗೇ ನಂಬಿಕೊಂಡು ದೊಡ್ಡವರಾಗುತ್ತಾರೆ.

ಮೊದಲು ಕೋಫಿಯ ವಿಚಾರ. ಕೋಫಿ ಅನ್ನುವುದು ಪಶ್ಚಿಮ ಆಫ್ರಿಕಾದ ಘಾನಾ ಸುತ್ತಮುತ್ತಲಿನ ಅಕಾನ್ ಜನರ ಹೆಸರು. ಅವರಲ್ಲಿ ಮಗು ಹುಟ್ಟಿದ ವಾರದ ಮೇಲೆ ಒಂದು ಹೆಸರು ಬರುತ್ತದೆ. ಶುಕ್ರವಾರ ಹುಟ್ಟಿದ ಗಂಡುಮಗು ಕೋಫಿ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಘಾನಾದವರು. ಶನಿವಾರ ಹುಟ್ಟಿದವನು ಕ್ವಾಮೆ. ಘಾನಾದ ಮೊದಲ ಅಧ್ಯಕ್ಷರು ಕ್ವಾಮೆ ಎನ್ಕ್ರುಮಾ. ಇನ್ನು ಆ ಕೆಂಪು ಚೌಕಳಿ ಬಟ್ಟೆ. ಅದನ್ನು ಶುಕಾ ಅನ್ನುತ್ತಾರೆ, ಅದು ಕೀನ್ಯಾ ಮತ್ತು ತಾಂಜಾನಿಯಾದ ಮಸಾಯಿ ಜನರದ್ದು. ಘಾನಾದ ಅಕ್ರಾದಿಂದ ಕೀನ್ಯಾದ ನೈರೋಬಿಗೆ ನೇರ ಹಾರಿದರೂ 4,000 ಕಿಲೋಮೀಟರಿಗೆ ಜಾಸ್ತಿ. ಯಾರೋ ಕೂತು ಒಂದು ಕಡೆಯ ಹೆಸರು, ಇನ್ನೊಂದು ಕಡೆಯ ಬಟ್ಟೆ, ಮತ್ತೆಲ್ಲಿಯದೋ ಗುಡಿಸಲು ಸೇರಿಸಿ ಒಬ್ಬ ಹುಡುಗನನ್ನು ಹೊಲಿದಿದ್ದಾರೆ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ನಿಜ. ಆದರೆ ಅಂಥ ಹುಡುಗ ಎಲ್ಲೂ ಇಲ್ಲ.

ಮಗಳ ಪ್ರಶ್ನೆಗಳಿಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಆಫ್ರಿಕಾದ ಸಿಂಹಗಳು ಈಗ ಉಳಿದಿರುವುದು ಬಹುಪಾಲು ರಕ್ಷಿತ ಅರಣ್ಯ, ಹುಲ್ಲುಗಾವಲುಗಳಲ್ಲಿ. ಶಾಲೆಗೆ ಹೋಗುವ ಮಕ್ಕಳಲ್ಲಿ ಹೆಚ್ಚಿನವರು ಅದನ್ನು ಕಣ್ಣಾರೆ ನೋಡಿಯೇ ಇರುವುದಿಲ್ಲ. ಹತ್ತರಲ್ಲಿ ನಾಲ್ಕಕ್ಕಿಂತ ಹೆಚ್ಚು ಜನ ಇರುವುದೇ ಪಟ್ಟಣ, ನಗರಗಳಲ್ಲಿ. ಲಾಗೋಸ್, ಕೈರೋ, ಕಿನ್ಶಾಸಾ ಒಂದೊಂದರಲ್ಲೂ ಕೋಟಿ ಮೀರಿ ಜನರಿದ್ದಾರೆ. ಅಲ್ಲಿ ಸ್ಕೂಲಿಗೆ ಹೋಗುವ ಮಗುವಿಗೆ ತೊಂದರೆ ಕೊಡುವುದು ಟ್ರಾಫಿಕ್ಕು. ಇನ್ನು ‘ಆಫ್ರಿಕನ್ ಭಾಷೆ’ ಅಂತ ಒಂದಿಲ್ಲ. ಸುಮಾರು 2,000 ಭಾಷೆಗಳಿವೆ, ನೈಜೀರಿಯಾ ಒಂದರಲ್ಲೇ 500ಕ್ಕೂ ಹೆಚ್ಚು. ತಾಂಜಾನಿಯಾದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಸ್ವಾಹಿಲಿಯಲ್ಲಿ ನಡೆಯುತ್ತದೆ, ಮುಂದೆ ಇಂಗ್ಲಿಷ್ ಬರುತ್ತದೆ. ಸೆನೆಗಲ್‌ನಲ್ಲಿ ಮನೆಯಲ್ಲಿ ವೊಲೊಫ್, ಶಾಲೆಯಲ್ಲಿ ಫ್ರೆಂಚ್. ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು, ಶಾಲೆಯಲ್ಲಿ ಮತ್ತೊಂದು ಭಾಷೆ ಆಡುವ ಮಕ್ಕಳು ನಿಮ್ಮ ಮಗಳಿಗೆ ಅಷ್ಟೇನೂ ವಿಚಿತ್ರ ಅನ್ನಿಸಲಾರರು, ಅಲ್ವಾ?

ನಿಮ್ಮ ಭಾವ ಹೇಳುವಂತೆ ಪುಸ್ತಕ ಕೊಟ್ಟರೆ ಸರಿಹೋಗುತ್ತದಾ? ಒಳ್ಳೆಯ ಪುಸ್ತಕವಾದರೆ ಹೋಗುತ್ತದೆ. ಆದರೆ ಈ ಕೋಫಿ ಟ್ಯಾಬ್‌ನಲ್ಲಿ ಹುಟ್ಟಿದವನಲ್ಲ. ನೂರಾರು ವರ್ಷ ಪುಸ್ತಕಗಳಲ್ಲಿ ಓಡಾಡಿಕೊಂಡಿದ್ದವನೇ ಈಗ ಪರದೆಗೆ ಬಂದಿದ್ದಾನೆ. ಜಿಂಬಾಬ್ವೆ ದೇಶಕ್ಕೆ ಆ ಹೆಸರು ಬಂದದ್ದು ಗ್ರೇಟ್ ಜಿಂಬಾಬ್ವೆ ಅನ್ನುವ ಹಳೆಯ ಕಲ್ಲಿನ ನಗರದಿಂದ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಎತ್ತರದ ಗೋಡೆಗಳು ಅಲ್ಲಿವೆ. ಇದನ್ನು ಆಫ್ರಿಕಾದವರು ಕಟ್ಟಿರಲು ಸಾಧ್ಯವಿಲ್ಲ, ಮೆಡಿಟರೇನಿಯನ್ ಕರಾವಳಿಯ ಪ್ರಾಚೀನ ವ್ಯಾಪಾರಿಗಳಾದ ಫಿನೀಷಿಯನ್ನರೋ ಬೈಬಲ್ ಕಥೆಯ ಶೀಬಾ ರಾಣಿಯೋ ಕಟ್ಟಿಸಿರಬೇಕು ಅಂತ ವಸಾಹತು ಕಾಲದ ಪುಸ್ತಕಗಳು ಬರೆದವು. 1929ರಲ್ಲಿ ಪುರಾತತ್ವಜ್ಞೆ ಗರ್ಟ್ರೂಡ್ ಕೇಟನ್-ಥಾಂಪ್ಸನ್ ಅಗೆದು ನೋಡಿ, ಇದು ಆಫ್ರಿಕಾದವರದ್ದೇ ಅಂತ ಖಚಿತವಾಗಿ ಹೇಳಿದರು. ಆಮೇಲೂ ದಶಕಗಳ ಕಾಲ ಹಳೇ ಕಥೆ ಅಚ್ಚಾಗುತ್ತಲೇ ಇತ್ತು. ಅದಕ್ಕೇ ಕಾಗದವಾ, ಪರದೆಯಾ ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ.

ಪರದೆಯ ಕೋಫಿ ಹೀಗಿರಲು ಮೂರು ಕಾರಣಗಳಿವೆ. ಮೊದಲನೆಯದು ಸಾಫ್ಟ್‌ವೇರ್‌ನದ್ದೇ ಒಂದು ಕಾಯಿಲೆ. ಅದು ಯಾವುದನ್ನು ಸುಲಭವಾಗಿ ಪ್ರಶ್ನೆ ಮಾಡಬಹುದೋ ಅದನ್ನೇ ಕಲಿಸುತ್ತದೆ. ಬಾವುಟಕ್ಕೆ, ರಾಜಧಾನಿಗೆ, ಪ್ರಾಣಿಗೆ ಒಂದೊಂದೇ ಸರಿ ಉತ್ತರ. ಒತ್ತಿದ ಕೂಡಲೇ ಟಿಂಗ್ ಅನ್ನುತ್ತದೆ, ನಕ್ಷತ್ರ ಬರುತ್ತದೆ. ಬದುಕಿಗೆ ಹಾಗೆ ನಾಲ್ಕು ಆಯ್ಕೆ ಕೊಡಲು ಬರುವುದಿಲ್ಲ.

ಇದು ನಾನೇ ಎಡವಿ ಕಲಿತದ್ದು. ಒಮ್ಮೆ ಒಂದು ಕಂಪನಿಗೆ ಆಹಾರದ ಮೇಲೆ ಪ್ರಶ್ನೆ ಬರೆದುಕೊಡುತ್ತಿದ್ದೆ. ‘ಆಫ್ರಿಕಾದ ಮುಖ್ಯ ಆಹಾರ ಯಾವುದು?’ ಅಂತ ಬರೆದು, ‘ಉಗಾಲಿ’ ಸರಿ ಉತ್ತರ ಅಂತ ಗುರುತು ಹಾಕಿದೆ. ಪರಿಶೀಲನೆಗೆ ಕೂತಿದ್ದವರಲ್ಲಿ ಒಬ್ಬರು ಇಥಿಯೋಪಿಯಾದವರು. ಪಕ್ಕದಲ್ಲಿ ಒಂದೇ ಸಾಲು ಬರೆದು ಕಳಿಸಿದರು: ‘ನಮ್ಮ ಮನೆಯಲ್ಲಿ ಇದನ್ನು ಯಾರೂ ಮಾಡಿದ್ದಿಲ್ಲ.’ ನಿಜ. ಅವರದ್ದು ಟೆಫ್ ಧಾನ್ಯದ ಹಿಟ್ಟು ಹುಳಿ ಬರಿಸಿ ಹುಯ್ಯುವ ಇಂಜೆರಾ. ಮೊರೊಕ್ಕೊದಲ್ಲಿ ಕುಸ್‌ಕುಸ್, ಘಾನಾದಲ್ಲಿ ಫುಫು. ಉಗಾಲಿ ಕೀನ್ಯಾ, ತಾಂಜಾನಿಯಾ ಕಡೆಯ ಮುದ್ದೆ. ಅದನ್ನು ಮಾಡುವ ಮೆಕ್ಕೆಜೋಳವೂ ಮೂಲದಲ್ಲಿ ಅಮೆರಿಕ ಖಂಡದಿಂದ ಹೋದದ್ದು. ಆಫ್ರಿಕಾದಲ್ಲೇ ಮೊದಲು ಬೆಳೆದವು ರಾಗಿ ಮತ್ತು ಜೋಳ. ಇದನ್ನು ಮಗಳಿಗೆ ಹೇಳಿ ನೋಡಿ, ಅವಳ ಮುಖ ಹೇಗಾಗುತ್ತದೆ ಅಂತ. ನನ್ನ ಆ 20 ಪ್ರಶ್ನೆಗಳ ಪಟ್ಟಿಯಲ್ಲಿ ಈ ಯಾವುದೂ ಇರಲಿಲ್ಲ.

ಎರಡನೆಯ ಕಾರಣ ಚಿತ್ರಗಳು. ಬಹಳಷ್ಟು ಕಂಪನಿಗಳು ಆಫ್ರಿಕಾಕ್ಕೆ ಕಾಲಿಟ್ಟಿರುವುದಿಲ್ಲ, ಚಿತ್ರ ಮಾರುವ ಕಡೆಯಿಂದ ಕೊಳ್ಳುತ್ತವೆ. ಅಲ್ಲಿ ‘ಆಫ್ರಿಕಾ’ ಅಂತ ಹುಡುಕಿದರೆ ಸಫಾರಿಗೆ ಹೋದವರು ತೆಗೆದ ಚಿತ್ರಗಳು, ಇಲ್ಲವೇ ದೇಣಿಗೆ ಕೇಳಲು ತೆಗೆದವು. ನಡುವಿನದು ಸಿಗುವುದೇ ಕಡಿಮೆ. ಬ್ಯಾಂಕಿನಲ್ಲಿ ಕೂತ ಗುಮಾಸ್ತೆ, ಟೈಲರ್, ಪರೀಕ್ಷೆಗೆ ಓದುವ ಹುಡುಗ, ಮೊಬೈಲಿನಲ್ಲಿ ದುಡ್ಡು ಕಳಿಸುವ ತರಕಾರಿಯವಳು ಅದರಲ್ಲಿ ಇರುವುದಿಲ್ಲ. ಕೀನ್ಯಾದಲ್ಲಿ ಎಂ-ಪೆಸಾ ಅನ್ನುವ ಮೊಬೈಲ್ ಹಣದ ಸೇವೆ ಶುರುವಾಗಿ ಮಾಮೂಲಿ ಫೋನಿನಿಂದಲೇ ಜನ ಹಣ ಕಳಿಸತೊಡಗಿದ್ದು 2007ರಲ್ಲಿ. ನಿಮ್ಮ ಕೋಫಿಯ ಕೈಗೆ ಮಾತ್ರ ಇನ್ನೂ ಈಟಿಯೇ ಗತಿ.

ಮೂರನೆಯದು ನಕ್ಷೆ. ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಬಹಳಷ್ಟು ಆ್ಯಪ್‌ಗಳು ಈಗಲೂ ಬಳಸುವುದು ಮರ್ಕೇಟರ್ ನಕ್ಷೆ. 1569ರಲ್ಲಿ ಹಡಗಿನವರಿಗೆ ದಿಕ್ಕು ತಪ್ಪದಿರಲಿ ಅಂತ ಮಾಡಿದ್ದು. ದಿಕ್ಕು ಸರಿ ತೋರಿಸಲು ಹೋಗಿ ಧ್ರುವದ ಕಡೆಯ ಜಾಗಗಳನ್ನು ಊದಿಸಿಬಿಡುತ್ತದೆ. ಅದರಲ್ಲಿ ಗ್ರೀನ್‌ಲ್ಯಾಂಡ್ ಮತ್ತು ಆಫ್ರಿಕಾ ಹೆಚ್ಚುಕಡಿಮೆ ಒಂದೇ ಅಳತೆ. ನಿಜದಲ್ಲಿ ಆಫ್ರಿಕಾ ಗ್ರೀನ್‌ಲ್ಯಾಂಡಿನ 14 ಪಟ್ಟು. ಸುಮಾರು 3 ಕೋಟಿ ಚದರ ಕಿಲೋಮೀಟರ್, ಭೂಮಿಯ ಮೇಲಿನ ನೆಲದಲ್ಲಿ ಐದರಲ್ಲೊಂದು ಭಾಗ. ಅಷ್ಟನ್ನು ಸಣ್ಣದಾಗಿ ತೋರಿಸಿದ ಮೇಲೆ ಮಗುವಿಗೆ ಅದೊಂದು ದೇಶದ ಹಾಗೆ ಕಾಣದೆ ಇನ್ನೇನು? 2018ರಲ್ಲಿ ಈಕ್ವಲ್ ಅರ್ಥ್ ಅನ್ನುವ, ವಿಸ್ತೀರ್ಣ ಸರಿಯಾಗಿ ತೋರಿಸುವ ನಕ್ಷೆ ಬಂತು. 2025ರಲ್ಲಿ ಆಫ್ರಿಕಾದ ದೇಶಗಳ ಒಕ್ಕೂಟವಾದ ಆಫ್ರಿಕನ್ ಯೂನಿಯನ್ನೇ ಮರ್ಕೇಟರ್ ಬಿಟ್ಟು ಇಂಥದ್ದನ್ನು ಬಳಸಿ ಅನ್ನುವ ಚಳವಳಿಗೆ ಬೆಂಬಲ ಕೊಟ್ಟಿತು. ನೀವು ಮನೆಯಲ್ಲಿ ಮಾಡಬೇಕಾದದ್ದು ಅಷ್ಟೆಲ್ಲ ಇಲ್ಲ. ಒಂದು ಗೋಳ ತೋರಿಸಿ, ಸಾಕು.

ಹಾಗಂತ ಸಿಂಹ, ತಾಂಜಾನಿಯಾದ ಸೆರೆಂಗೆಟಿ ಹುಲ್ಲುಗಾವಲು ತೋರಿಸುವುದೇ ತಪ್ಪು ಅನ್ನುವವರ ಜೊತೆಯೂ ನಾನಿಲ್ಲ. ಅಲ್ಲಿನ ದೊಡ್ಡ ಜಿಂಕೆಯಂಥ ಲಕ್ಷಾಂತರ ವೈಲ್ಡ್‌ಬೀಸ್ಟ್‌ಗಳು ಮಳೆಯ ಹಿಂದೆ ಹುಲ್ಲು ಹುಡುಕಿ ನಡೆಯುವುದು ಯಾವ ಮಗುವಾದರೂ ನೋಡಬೇಕಾದದ್ದೇ. ಬಡತನ, ಯುದ್ಧ ಮುಚ್ಚಿಟ್ಟು ಬರೀ ಗಾಜಿನ ಕಟ್ಟಡ ತೋರಿಸುವ ಹೊಸ ಆ್ಯಪ್‌ಗಳೂ ಬಂದಿವೆ. ಅವು ಇನ್ನೊಂದು ಬಗೆಯ ಕೋಫಿ, ಈ ಸಲ ಸೂಟು ಹಾಕಿದವನು.

ಇಷ್ಟೆಲ್ಲ ಬೈದ ಮೇಲೂ ನಾನು ಸಾಫ್ಟ್‌ವೇರ್ ಕೈಬಿಡಿ ಅನ್ನುವುದಿಲ್ಲ. ಪುಸ್ತಕಕ್ಕೆ ಆಗದ ಕೆಲವು ಕೆಲಸ ಅದಕ್ಕೆ ಆಗುತ್ತದೆ.

ಮೊದಲನೆಯದು ದನಿ. ನೈಜೀರಿಯಾದ ಯೊರೂಬಾ ಭಾಷೆಯಲ್ಲಿ ದನಿ ಏರಿದರೆ ಇಳಿದರೆ ಅರ್ಥವೇ ಬದಲಾಗುತ್ತದೆ. ಒಂದೇ ‘ಒಕೊ’ ದನಿಯ ಏರಿಳಿತದ ಮೇಲೆ ಗಂಡ ಆಗಬಹುದು, ಗುದ್ದಲಿ ಆಗಬಹುದು, ವಾಹನ ಆಗಬಹುದು. ಹಾಗಿರುವುದರಿಂದಲೇ ಅಲ್ಲಿ ‘ಮಾತಾಡುವ ಡೋಲು’ ಇರುವುದು. ನಡು ಸಣ್ಣಗಿರುವ ಡೋಲನ್ನು ಕಂಕುಳಲ್ಲಿ ಇಟ್ಟು, ಅದರ ಹುರಿ ಅದುಮಿ ಸಡಿಲಿಸಿ ಮಾತಿನ ಏರಿಳಿತವನ್ನೇ ನುಡಿಸುತ್ತಾರೆ. ‘ಡೋಲು: ಆಫ್ರಿಕಾದ ವಾದ್ಯ’ ಅಂತ ಚಿತ್ರ ಹಾಕಿದ ಪುಸ್ತಕದಿಂದ ಇದು ಹೇಗೆ ತಿಳಿಯಬೇಕು? ಕೇಳಿಸಿದರೆ ಅರ್ಧ ನಿಮಿಷದ ಕೆಲಸ. ದಕ್ಷಿಣ ಆಫ್ರಿಕಾದ ಖೋಸಾ ಭಾಷೆಯಲ್ಲಿ ನಾಲಗೆ ಲೊಚಗುಟ್ಟುವ ಸದ್ದೂ ಒಂದು ವ್ಯಂಜನ. ಮಕ್ಕಳು ಅದನ್ನು ಒಂದು ಸಲ ಕೇಳಿದರೆ ದಿನವಿಡೀ ಬಿಡುವುದಿಲ್ಲ. ಮನೆಯಲ್ಲಿ ಸ್ವಲ್ಪ ತಾಳ್ಮೆ ಬೇಕಾಗುತ್ತದೆ.

ಎರಡನೆಯದು ಆಟ. ಘಾನಾದ ಒವಾರೆ ಆಟ ಮೊಬೈಲಿನಲ್ಲಿ ಸಿಗುತ್ತದೆ. ಎರಡು ಸಾಲಿನಲ್ಲಿ ಆರಾರು ಗುಳಿ, ಗುಳಿಗೆ ನಾಲ್ಕರಂತೆ 48 ಕಾಳು. ಚೆನ್ನೆಮಣೆ ಗೊತ್ತಿದ್ದವರಿಗೆ ಕೂಡಲೇ ಹಿಡಿತ ಸಿಗುತ್ತದೆ. ಅದರಲ್ಲಿ ಒಂದು ನಿಯಮ ನನಗೆ ಬಹಳ ಇಷ್ಟ. ಎದುರಾಳಿಯ ಗುಳಿಗಳೆಲ್ಲ ಬರಿದಾದರೆ, ಅವರಿಗೆ ಕಾಳು ಹೋಗುವಂಥ ನಡೆ ನಿಮ್ಮಲ್ಲಿದ್ದರೆ ಅದನ್ನೇ ಆಡಬೇಕು. ಎದುರಿನವರನ್ನು ಉಪವಾಸ ಕೆಡವಿ ಸುಮ್ನೆ ಕೂರುವಂತಿಲ್ಲ. ಯಾವ ವಿವರಣೆಯೂ ಇಲ್ಲದೆ ಮಗು ಇದನ್ನು ಕೈಯಿಂದಲೇ ಕಲಿಯುತ್ತದೆ. ಪೂರ್ವ ಆಫ್ರಿಕಾದ ಸ್ವಾಹಿಲಿ ಕರಾವಳಿಯ ಬಾವೊ ಇನ್ನೂ ಕಷ್ಟ, ನಾಲ್ಕು ಸಾಲು, 32 ಗುಳಿ, 64 ಕಾಳು. ಅದು ಆಮೇಲೆ.

ಮೂರನೆಯದು ಒಂದು ಜಾಗಕ್ಕೆ ಇಳಿಯುವುದು. ಇದಕ್ಕೇ ನಾನು ಜಾಸ್ತಿ ಒತ್ತು ಕೊಡುವುದು. ಖಂಡವನ್ನು ಯಾರೂ ಕಲಿಯಲಾರರು. ವಿಶ್ವಸಂಸ್ಥೆಯ ಲೆಕ್ಕದಲ್ಲೇ 54 ದೇಶಗಳಿವೆ. ಒಂದೇ ದೇಶ ಆರಿಸಿಕೊಳ್ಳಿ, ಒಂದು ತಿಂಗಳು ಅಲ್ಲೇ ಇರಿ. ತಾಂಜಾನಿಯಾ ಅಂದುಕೊಳ್ಳೋಣ. ಗೂಗಲ್ ಅರ್ಥ್‌ನಲ್ಲಿ ದಾರ್ ಎಸ್ ಸಲಾಮ್‌ನ ಬಂದರಿನಿಂದ ಶುರುಮಾಡಿ, ಜಂಜಿಬಾರ್ ದ್ವೀಪ ದಾಟಿ, 5,895 ಮೀಟರ್ ಎತ್ತರದ ಕಿಲಿಮಂಜಾರೊ ಪರ್ವತದ ತನಕ ಹೋಗಿ. ರೇಡಿಯೋ ಗಾರ್ಡನ್ ಅನ್ನುವ ತಾಣದಲ್ಲಿ ಗೋಳ ತಿರುಗಿಸಿದರೆ ಅಲ್ಲಿನ ರೇಡಿಯೋ ಆಗಿನದ್ದೇ ಕೇಳುತ್ತದೆ. ಹಾಡು, ಕ್ರಿಕೆಟ್ ಬದಲು ಫುಟ್‌ಬಾಲ್ ಹರಟೆ, ಜಾಹೀರಾತು. ಅರ್ಥವಾಗದಿದ್ದರೂ ಕೇಳಲಿ. ಡಾಲರ್ ಸ್ಟ್ರೀಟ್ ಅನ್ನುವ, ಗ್ಯಾಪ್‌ಮೈಂಡರ್ ಸಂಸ್ಥೆಯವರ ತಾಣದಲ್ಲಿ ಬೇರೆ ಬೇರೆ ದೇಶಗಳ ಮನೆಗಳ ಒಲೆ, ಹಾಸಿಗೆ, ಹಲ್ಲುಜ್ಜುವ ಬ್ರಶ್ ಎಲ್ಲವನ್ನೂ ಆದಾಯದ ಕ್ರಮದಲ್ಲಿ ಜೋಡಿಸಿದ್ದಾರೆ. ಒಂದೇ ದೇಶದ ಬಡವರ ಮನೆ, ಅನುಕೂಲಸ್ಥರ ಮನೆ ಎರಡನ್ನೂ ನೋಡಿದ ಮಗು ಆಮೇಲೆ ಗುಡಿಸಲಿನ ಚಿತ್ರ ನೋಡಿ ಮೋಸ ಹೋಗುವುದಿಲ್ಲ. ಆಫ್ರಿಕನ್ ಸ್ಟೋರಿಬುಕ್ ಅನ್ನುವ ತಾಣದಲ್ಲಿ ಆಫ್ರಿಕಾದ ಹಲವು ಭಾಷೆಗಳ ಮಕ್ಕಳ ಕಥೆಗಳು ಉಚಿತವಾಗಿವೆ. ಅವು ಅಲ್ಲಿನ ಮಕ್ಕಳಿಗಾಗಿಯೇ ಬರೆದವು, ನಮಗೆ ‘ಪರಿಚಯಿಸಲು’ ಬರೆದವಲ್ಲ. ಆ ವ್ಯತ್ಯಾಸ ಎರಡು ಪುಟದಲ್ಲೇ ಗೊತ್ತಾಗುತ್ತದೆ.

ಸ್ವಾಹಿಲಿಯ ಗಡಿಯಾರವನ್ನೂ ಬಿಡಬೇಡಿ. ಬೆಳಗಿನ 7 ಗಂಟೆಗೆ ಅವರು ‘ಸಾ ಮೋಜಾ’ ಅನ್ನುತ್ತಾರೆ, ಅಂದರೆ ಒಂದು ಗಂಟೆ. ಸಮಭಾಜಕದ ಹತ್ತಿರ ವರ್ಷವಿಡೀ ಸೂರ್ಯ ಹುಟ್ಟುವುದು ಸುಮಾರು 6ಕ್ಕೆ. ಎಣಿಕೆ ಅಲ್ಲಿಂದಲೇ ಶುರು. ಎಷ್ಟು ಸಲೀಸು ನೋಡಿ. ಆ ಭಾಷೆಯಲ್ಲಿ ಗಾಡಿ ‘ಗಾರಿ’, ಅಂಗಡಿ ‘ದುಕಾ’, ಚಹಾ ‘ಚಾಯ್’. ಮಾನ್ಸೂನ್ ಗಾಳಿ ಹಿಡಿದು ಓಡಾಡಿದ ಹಾಯಿಹಡಗುಗಳ ಜೊತೆ ಮಾತೂ ಸಮುದ್ರ ದಾಟಿದೆ.

ಈಗ ಯಜಮಾನರ ಆಸೆಗಳು. ವಿಆರ್ ಕನ್ನಡಕ ಒಂದು ಸಲ ಬೆರಗು ಹುಟ್ಟಿಸುತ್ತದೆ. ಆದರೆ ಅದರಲ್ಲಿ ಸಿಗುವುದು ಹೆಚ್ಚಾಗಿ ಮತ್ತದೇ ಸಫಾರಿ, ಇನ್ನೂ ಹತ್ತಿರದಿಂದ. ತಯಾರಕರು ಹಾಕಿದ ವಯಸ್ಸಿನ ಮಿತಿಯನ್ನೂ ನೋಡಬೇಕು. ಇದಕ್ಕೆ ದುಡ್ಡು ಹಾಕಲು ನಾನಂತೂ ಹೇಳುವುದಿಲ್ಲ.

ಎಐ ಪಾತ್ರದ ಬಗ್ಗೆ ನನಗೆ ಇನ್ನೂ ಜಾಸ್ತಿ ಅಳುಕು. ಅದು ಓದಿ ಬೆಳೆದದ್ದು ಅಂತರ್ಜಾಲದ ಬರಹ, ಅದರಲ್ಲಿ ಆಫ್ರಿಕಾದ ಭಾಷೆಗಳ ಪಾಲು ಬಹಳ ಕಡಿಮೆ. ಹಾಗಾಗಿ ಅದು ಆಡುವುದು ಹೊರಗಿನವರು ಆಫ್ರಿಕಾದ ಬಗ್ಗೆ ಬರೆದದ್ದನ್ನು. ಅದೂ ‘ನಾನು, ನಮ್ಮೂರು’ ಅಂತ ಮೊದಲ ವ್ಯಕ್ತಿಯಲ್ಲಿ. ಗೊತ್ತಿಲ್ಲದ್ದನ್ನು ಕಟ್ಟಿ ಹೇಳಿದರೂ ದನಿಯಲ್ಲಿ ವ್ಯತ್ಯಾಸ ಬರುವುದಿಲ್ಲ. ಬಳಸುವುದೇ ಆದರೆ ನೀವು ಪಕ್ಕದಲ್ಲಿರಿ. ಮಗಳ ಹೆಸರು, ಫೋಟೋ, ಶಾಲೆಯ ವಿವರ ಕೊಡಬೇಡಿ. ಅದು ‘ಆಫ್ರಿಕಾದಲ್ಲಿ ಒಂದು ಗಾದೆ ಇದೆ’ ಅಂದ ಕೂಡಲೇ ‘ಯಾವ ಭಾಷೆಯದು? ಆ ಭಾಷೆಯಲ್ಲೇ ಹೇಳು’ ಅಂತ ಮಗಳು ಕೇಳಲಿ. ಕೊಟ್ಟ ಉತ್ತರವನ್ನೂ ಬೇರೆ ಕಡೆ ತಾಳೆ ನೋಡಿ. ನಿಜವಾದ ಗಾದೆಗೆ ಊರು ಮನೆ ಇರುತ್ತದೆ. ‘ಹರಾಕಾ ಹರಾಕಾ ಹೈನಾ ಬರಾಕಾ’ ಸ್ವಾಹಿಲಿಯದು. ಅವಸರದಲ್ಲಿ ಬರಕತ್ತಿಲ್ಲ ಅಂತ. ನಮ್ಮ ಬರಕತ್ತೂ ಅವರ ಬರಾಕಾವೂ ಒಂದೇ ಅರಬ್ಬಿ ಬೇರಿನವು.

ಹೊಸ ಆ್ಯಪ್ ಕೊಳ್ಳುವ ಮುಂಚೆ ಐದು ನಿಮಿಷ ಹೀಗೆ ನೋಡಿ. ದಕ್ಷಿಣ ಸುಡಾನ್ ಇದೆಯಾ? ಅದು 2011ರಲ್ಲಿ ಹುಟ್ಟಿದ ದೇಶ. ಸ್ವಾಜಿಲ್ಯಾಂಡ್ ಅಂತಿದೆಯಾ, ಎಸ್ವಾಟಿನಿ ಅಂತಿದೆಯಾ? ಹೆಸರು 2018ರಲ್ಲಿ ಬದಲಾಯಿತು. ನೈಜೀರಿಯಾದ ರಾಜಧಾನಿ 1991ರಿಂದ ಅಬುಜಾ, ಲಾಗೋಸ್ ಅಲ್ಲ. ಇದಕ್ಕಿಂತ ಮುಖ್ಯವಾಗಿ ಚಿತ್ರದ ಅಡಿಬರಹ ಓದಿ. ‘ಆಫ್ರಿಕಾದ ಮಹಿಳೆ’ ಅಂತಿದ್ದರೆ ಬೇಡ. ಊರು, ಕೆಲಸ, ಹಬ್ಬ ಏನಾದರೊಂದು ಹೇಳಿದ್ದರೆ ಯಾರೋ ಶ್ರಮಪಟ್ಟಿದ್ದಾರೆ ಅಂತ ಅರ್ಥ.

ಈಗಿನ ಆ್ಯಪ್ ಅಳಿಸಬೇಡಿ. ಮಗಳಿಗೆ ಅದರ ಮೇಲೆ ಪ್ರೀತಿ ಬೆಳೆದಿದೆ, ಕಿತ್ತುಕೊಂಡರೆ ಸಿಟ್ಟು ಮಾತ್ರ ಉಳಿಯುತ್ತದೆ. ಕೋಫಿಯ ತಪ್ಪು ಹಿಡಿಯುವ ಆಟ ಆಡಿಸಿ. ಅವನ ಹೆಸರು ಎಲ್ಲಿಯದು, ಬಟ್ಟೆ ಎಲ್ಲಿಯದು, ಎರಡರ ನಡುವೆ ಎಷ್ಟು ದೂರ ಅಂತ ನಕ್ಷೆಯಲ್ಲಿ ಗೆರೆ ಎಳೆಯಲಿ. ಅಕಾನ್ ಲೆಕ್ಕದಲ್ಲಿ ತನಗೆ ಯಾವ ಹೆಸರು ಬರುತ್ತಿತ್ತು ಅಂತಲೂ ಹುಡುಕಲಿ. ಶುಕ್ರವಾರ ಹುಟ್ಟಿದ್ದರೆ ಅಫುವಾ, ಶನಿವಾರವಾದರೆ ಆಮಾ, ಗುರುವಾರವಾದರೆ ಯಾ.

ಹಳೇ ಸಿಡಿ ಈಗಿನ ಕಂಪ್ಯೂಟರಿನಲ್ಲಿ ಓಡುವುದು ಅನುಮಾನ. ಓಡಿದರೆ ಎಸೆಯಬೇಡಿ. ಆಗಲೂ ಒಳ್ಳೆಯ ಪ್ರಯತ್ನಗಳು ನಡೆದಿದ್ದವು. 1995ರಲ್ಲಿ ಬಂದ ಆಫ್ರಿಕಾ ಟ್ರೇಲ್ ಅನ್ನುವ ಆಟದಲ್ಲಿ ಖಂಡದ ಉದ್ದಕ್ಕೂ ಸೈಕಲ್ ತುಳಿಯಬೇಕಿತ್ತು. ನಿಮ್ಮ ಸಿಡಿಯ ನಕ್ಷೆಯನ್ನೂ ಈಗಿನದ್ದನ್ನೂ ಪಕ್ಕಪಕ್ಕ ಇಟ್ಟು ಮಗಳನ್ನು ಕೂರಿಸಿ. ಈಗಿನ ಡಿ.ಆರ್. ಕಾಂಗೊದ ಜಾಗದಲ್ಲಿ ಜಾಯಿರ್ ಅನ್ನುವ ಹಳೇ ಹೆಸರು ಕಂಡರೆ ಅದು 1997ಕ್ಕಿಂತ ಮುಂಚಿನದ್ದು. ಎರಿಟ್ರಿಯಾ ಇಲ್ಲದಿದ್ದರೆ 1993ಕ್ಕೂ ಹಿಂದಿನದ್ದು. ಸಿಡಿಗೆ ಎಷ್ಟು ವಯಸ್ಸು ಅಂತ ಅವಳೇ ಲೆಕ್ಕ ಹಾಕಿ ಭಾವನವರಿಗೆ ಹೇಳಲಿ.